ಇಟ್ಟಿಗೆ ಯಾವಾಗ ಜಾರುತ್ತದೆ?

ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಸೇರುವ ಮಕ್ಕಳಿಗೆ ಭೂಕಂಪದ ಪಾಠ ಶುರುವಾಗುವುದು ಒಂದು ಇಟ್ಟಿಗೆಯಿಂದ. ಉದ್ದನೆಯ ಹಲಗೆಗೆ ಉಪ್ಪುಕಾಗದ ಅಂಟಿಸಿ ಅದರ ಮೇಲೆ ಇಟ್ಟಿಗೆ ಇಡುತ್ತೇನೆ. ಇಟ್ಟಿಗೆಗೆ ಹುರಿ ಕಟ್ಟಿ, ಹುರಿಗೆ ನಾಲ್ಕೈದು ರಬ್ಬರ್ ಬ್ಯಾಂಡುಗಳನ್ನು ಸರಪಳಿಯಂತೆ ಸೇರಿಸಿ, ತುದಿಯನ್ನು ಒಬ್ಬರ ಕೈಗೆ ಕೊಡುತ್ತೇನೆ. ‘ನಿಧಾನಕ್ಕೆ, ಒಂದೇ ಸಮ ಎಳಿ. ಜಗ್ಗಬೇಡ.’ ಹೇಳುವುದು ಇಷ್ಟೇ. ರಬ್ಬರು ಉದ್ದವಾಗುತ್ತದೆ, ಇಟ್ಟಿಗೆ ಮಿಸುಕುವುದಿಲ್ಲ. ಇನ್ನಷ್ಟು ಎಳೆದರೂ ಇಲ್ಲ. ಸುತ್ತ ಕೂತವರೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ಯಾರೂ ಎಣಿಸದ ಗಳಿಗೆಯಲ್ಲಿ ಅದು ಸರಕ್ಕನೆ ಮುಂದೆ ಬಂದು ಮತ್ತೆ ಕಚ್ಚಿಕೊಂಡು ನಿಲ್ಲುತ್ತದೆ.

ಎಳೆಯುವ ಕೈ ಭೂಫಲಕ. ನಮ್ಮ ಭಾರತ ಕೂತಿರುವ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರದ ಕಡೆಗೆ ಸರಿಯುತ್ತಲೇ ಇದೆ. ರಬ್ಬರು ಅಂದರೆ ಬಂಡೆ. ಇದನ್ನು ಮಕ್ಕಳು ಸುಲಭಕ್ಕೆ ನಂಬುವುದಿಲ್ಲ. ಕಲ್ಲು ಬಾಗುತ್ತದೆಯೇ ಎಂದು ಜಗಳಕ್ಕೇ ಬರುತ್ತಾರೆ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಡುಗಿದ ಮೇಲೆ ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ವಿಜ್ಞಾನಿ ತೋರಿಸಿಕೊಟ್ಟದ್ದು ಇದನ್ನೇ. ಭೂಮಿಯೊಳಗಿನ ಬಿರುಕಿನ ಎರಡೂ ಬದಿಯ ಬಂಡೆ ಎಷ್ಟೋ ಕಾಲ ಒಳಗೊಳಗೇ ಬಾಗುತ್ತ ಸೆಳೆತವನ್ನು ಕೂಡಿಟ್ಟುಕೊಳ್ಳುತ್ತದೆ, ತಡೆಯಲಾರದಾದಾಗ ಜಾರಿ ಮೊದಲಿನ ಆಕಾರಕ್ಕೆ ಚಿಮ್ಮುತ್ತದೆ. ಆ ಚಿಮ್ಮಿನ ಅಲೆಯೇ ನಮ್ಮ ಕಾಲಡಿಯ ನಡುಕ.

ಆಮೇಲೆ ನಿಜವಾದ ಆಟ. ಮುಂದಿನ ಸಲ ರಬ್ಬರು ಎಷ್ಟು ಉದ್ದವಾದಾಗ ಇಟ್ಟಿಗೆ ಜಾರುತ್ತದೆ, ಎಷ್ಟು ದೂರ ಜಾರುತ್ತದೆ ಎಂದು ಮೊದಲೇ ಬರೆದಿಡಬೇಕು. ಸ್ಕೇಲು ಇಟ್ಟು ಅಳೆಯುತ್ತೇವೆ. ಹತ್ತು ಸಲ, ಇಪ್ಪತ್ತು ಸಲ. ಯಾರ ಲೆಕ್ಕವೂ ನಿಲ್ಲುವುದಿಲ್ಲ. ಒಮ್ಮೆ ನನ್ನ ತಂಗಿಯ ಮಗಳು ಕೇಳಿದಳು: ‘ಮಾಮಾ, ಇಟ್ಟಿಗೆ ಅದೇ, ಕಾಗದ ಅದೇ, ಎಳೆಯೋ ಕೈಯೂ ನಂದೇ. ಮತ್ತೆ ಒಂದೊಂದು ಸಲ ಒಂದೊಂದು ಥರ ಯಾಕೆ?’ ಇಟ್ಟಿಗೆ ಜಾರಿದಾಗಲೆಲ್ಲ ಅದು ಹೊಸ ಜಾಗದಲ್ಲಿ ನಿಲ್ಲುತ್ತದೆ. ಕಾಗದದ ಯಾವ ಕಾಳು ಎಲ್ಲಿ ಕಚ್ಚಿಕೊಂಡಿದೆ ಎಂದು ಮೇಲಿನಿಂದ ಕಾಣುವುದಿಲ್ಲ ಎಂದೆ. ಗೌರಿಬಿದನೂರಿನಲ್ಲಿ 1965ರಿಂದ ಅಣುಶಕ್ತಿ ಇಲಾಖೆಯ ಭೂಕಂಪಮಾಪಕಗಳ ಸಾಲು ಇದೆ. ಸಾವಿರಾರು ಮೈಲಿ ಆಚೆಯ ನಡುಕ ಅದಕ್ಕೆ ಕೇಳಿಸುತ್ತದೆ. ನಾಳೆ ಎಲ್ಲಿ ನಡುಗುತ್ತದೆ ಎಂದು ಹೇಳಲು ಅದಕ್ಕೂ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂಬುದು ಇಟ್ಟಿಗೆ ಎಳೆದ ಮಗುವಿನ ಕೈಗೇ ಗೊತ್ತಿರುತ್ತದೆ.

ತೀವ್ರತೆಯ ಅಂಕಿಗೆ ತೆಂಗಿನ ಪೊರಕೆ ಸಾಕು. ಒಂದು ಕಡ್ಡಿ ಮುರಿಯುವುದು 5ರ ಭೂಕಂಪ ಎಂದುಕೊಂಡರೆ, 6ಕ್ಕೆ 32 ಕಡ್ಡಿಗಳ ಕಟ್ಟು ಬೇಕು, 7ಕ್ಕೆ ಸಾವಿರ. ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 32ರ ಕಟ್ಟನ್ನು ಬಾಗಿಸಲು ಇಬ್ಬರು ಹುಡುಗರು ಸೇರಿ ಹೆಣಗಿದ ಮೇಲೆ ಕಿಲ್ಲಾರಿ ಭೂಕಂಪದ ಕಥೆ ಹೇಳುತ್ತೇನೆ. 1993ರ ಸೆಪ್ಟೆಂಬರ್ 30ರ ನಸುಕು, ಗಣೇಶನ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತು. ನಮ್ಮ ಬೀದರ್, ಕಲಬುರಗಿಯವರೂ ಬೆಚ್ಚಿ ಎದ್ದರು. ತೀವ್ರತೆ 6.2. 2001ರಲ್ಲಿ ಭುಜ್‌ನಲ್ಲಿ ಆದದ್ದು 7.7. ಕಡ್ಡಿಯ ಲೆಕ್ಕದಲ್ಲಿ ಕಿಲ್ಲಾರಿಯದು ಅದರ ನೂರರಲ್ಲಿ ಒಂದು ಪಾಲೂ ಇಲ್ಲ. ಆದರೂ ಹತ್ತಿರ ಹತ್ತಿರ 10,000 ಜನ ಸತ್ತರು. ಮಣ್ಣಿನ ಗಾರೆಯಲ್ಲಿ ಒರಟು ಕಲ್ಲು ಪೇರಿಸಿದ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ಮಲಗಿದ್ದವರ ಮೇಲೆ ಅದೇ ಕುಸಿಯಿತು. ಗೋಲಿಗಳ ಮೇಲೆ ತಟ್ಟೆಯಿಟ್ಟು, ಅದರಲ್ಲಿ ಬೆಂಕಿಪೊಟ್ಟಣದ ಎರಡು ಮನೆ ಕಟ್ಟಿ, ಒಂದಕ್ಕೆ ಸುತ್ತಲೂ ದಾರ ಬಿಗಿದು ಅಲ್ಲಾಡಿಸುತ್ತೇವೆ. ಲಿಂಟಲ್ ಮಟ್ಟದಲ್ಲಿ ಮನೆಯ ಸುತ್ತ ಓಡುವ ಕಾಂಕ್ರೀಟಿನ ಪಟ್ಟಿ ಯಾಕೆ ಬೇಕು ಎಂದು ಆಮೇಲೆ ವಿವರಿಸಬೇಕಾಗುವುದಿಲ್ಲ.

ಇನ್ನು ಜ್ವಾಲಾಮುಖಿ. ವಿಜ್ಞಾನ ಮೇಳಗಳಲ್ಲಿ ಜೇಡಿಮಣ್ಣಿನ ಗುಡ್ಡ ಮಾಡಿ, ಹೊಟ್ಟೆಯೊಳಗೆ ಅಡುಗೆ ಸೋಡಾ ಇಟ್ಟು, ಕೆಂಪು ಬಣ್ಣದ ವಿನೆಗರ್ ಸುರಿಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನೋಡಲು ಹಾಗೇ ಕಾಣುತ್ತದೆ, ಆದರೆ ಬೆಟ್ಟದೊಳಗೆ ಆಮ್ಲವೂ ಸೋಡಾವೂ ಕೂಡಿ ಉಕ್ಕುವುದಿಲ್ಲ. ಶಿಲಾರಸದಲ್ಲಿ ಅನಿಲ ಕರಗಿರುತ್ತದೆ. ರಸ ಮೇಲೇರಿದಂತೆ ಒತ್ತಡ ಇಳಿದು ಅನಿಲ ಗುಳ್ಳೆಯಾಗಿ ಬಿಡುಗಡೆಯಾಗುತ್ತದೆ, ರಸವನ್ನೂ ಹೊತ್ತುಕೊಂಡು ಬರುತ್ತದೆ. ಅಚ್ಚುಕಟ್ಟಾಗಿ ಇದೇ ನಡೆಯುವುದು ಗೋಲಿ ಸೋಡಾದಲ್ಲಿ. ಗೋಲಿ ಒತ್ತುವವರೆಗೆ ಒಂದು ಗುಳ್ಳೆಯಿಲ್ಲ, ಒತ್ತಿದ ಕೂಡಲೇ ಬುಸ್ಸೆಂದು ಸಾವಿರ. ತಟ್ಟೆಯಲ್ಲಿ ನಡೆಯುವುದಕ್ಕೂ ಬೆಟ್ಟದಲ್ಲಿ ನಡೆಯುವುದಕ್ಕೂ ಕಾರಣ ಒಂದೇ ಆಗಿರಬೇಕು ಎಂಬುದು ನನ್ನ ಹಟ.

ಬೆಲ್ಲದ ಪಾಕ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. (ಒಲೆಯ ಹತ್ತಿರ ದೊಡ್ಡವರೇ ನಿಲ್ಲಬೇಕು, ಪಾಕದ ಸುಟ್ಟಗಾಯ ಬಿಸಿನೀರಿನ ಸುಟ್ಟಗಾಯಕ್ಕಿಂತ ಕೆಟ್ಟದ್ದು.) ಎಳೆ ಪಾಕ ಸಲೀಸಾಗಿ ಹರಿಯುತ್ತದೆ, ಗುಳ್ಳೆಗಳು ಬಂದಂತೆ ಒಡೆದುಹೋಗುತ್ತವೆ. ಹವಾಯಿಯ ಲಾವಾ ಹೀಗೆ. ಪಾಕ ಗಟ್ಟಿಯಾದಂತೆ ಗುಳ್ಳೆಗೆ ದಾರಿ ಸಿಗದೆ ಉಬ್ಬಿ ಉಬ್ಬಿ ಸಿಡಿಯುತ್ತದೆ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಸಿಡಿದದ್ದು ಅಂಥ ಗಟ್ಟಿ ರಸದಿಂದ. ಪಾಕ ಹದಕ್ಕೆ ಬಂತೇ ಎಂದು ನೋಡಲು ಅಜ್ಜಿ ತಣ್ಣೀರಿನ ಬಟ್ಟಲಿಗೆ ತೊಟ್ಟು ಬಿಡುತ್ತಿದ್ದಳಲ್ಲ, ಆ ಉಂಡೆಯನ್ನು ಒತ್ತಿ ನೋಡಿ. ಮೇಲೆ ತೊಗಲು, ಒಳಗೆ ಮೆದು. ಲಾವಾ ನೀರಿನೊಳಗೆ ಹರಿದರೂ ಹೀಗೇ ದಿಂಬು ದಿಂಬಾಗಿ ಹೆಪ್ಪುಗಟ್ಟುತ್ತದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಅಂಥ ದಿಂಬುಗಲ್ಲುಗಳು ಒಂದರ ಮೇಲೊಂದು ಒರಗಿಕೊಂಡಿವೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಳೆಗೆ ಬಾಯಿಬಿಡುವ ಆ ಬಯಲುಸೀಮೆ ಆಗ ನೀರಿನಡಿಯಲ್ಲಿತ್ತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ತೀರಾ ನಿಧಾನದ ಪ್ರಯೋಗ. ಅಂಗಡಿಯ ಕಾರ್ನ್‌ಫ್ಲೋರಿಗೆ ಅಷ್ಟೇ ನೀರು ಬೆರೆಸಿ, ಗಾಜಿನ ಬಟ್ಟಲಿನಲ್ಲಿ ಎರಡು ಬೆರಳು ದಪ್ಪಕ್ಕೆ ಸುರಿದು, ಮೇಲೆ ಹಳೆಯ ಬುರುಡೆ ಬಲ್ಬು ಉರಿಸಿಡಬೇಕು. ಮೊದಲು ಕೆರೆಯಂಗಳ ಒಣಗಿದಂತೆ ದೊಡ್ಡ ಬಿರುಕುಗಳು ಬರುತ್ತವೆ. ಮಕ್ಕಳಿಗೆ ನಿರಾಸೆ, ಇಷ್ಟೇನಾ ಎನ್ನುತ್ತಾರೆ. ಮುಟ್ಟಲು ಬಿಡಬಾರದು. ನಾಲ್ಕೈದು ದಿನ, ಕೆಲವೊಮ್ಮೆ ವಾರವೇ ಬೇಕು. ತೇವ ಮೇಲಿನಿಂದ ಕೆಳಕ್ಕೆ ಆರುತ್ತ ಹೋದಂತೆ ಹಿಟ್ಟು ಕುಗ್ಗುತ್ತದೆ, ಕುಗ್ಗಿದಲ್ಲೆಲ್ಲ ಕೂದಲೆಳೆಯ ಬಿರುಕು ಕೆಳಗಿಳಿಯುತ್ತದೆ. ಮೇಲೆ ಅಡ್ಡಾದಿಡ್ಡಿ ಇದ್ದ ಬಿರುಕುಗಳು ಆಳಕ್ಕೆ ಹೋದಂತೆ ತಮ್ಮನ್ನು ತಾವೇ ತಿದ್ದಿಕೊಂಡು, ಮೂರು ಮೂರು ಕೂಡಿ, ಜೇನುಹಟ್ಟಿನ ಕಣ್ಣಿನಂತೆ ಹೊಂದಿಕೊಳ್ಳುತ್ತವೆ. ಪೂರಾ ಒಣಗಿದ ಗಟ್ಟಿಯನ್ನು ಮೆಲ್ಲಗೆ ಎತ್ತಿ ಮುರಿದರೆ ಒಳಗೆ ಪೆನ್ಸಿಲಿಗಿಂತ ಸಣ್ಣ ಕಂಬಗಳು ಸಾಲಾಗಿ ನಿಂತಿರುತ್ತವೆ. ಆ ಹೊತ್ತಿಗೆ ಜಗಲಿಯಲ್ಲಿ ಒಂದು ಸದ್ದೂ ಇರುವುದಿಲ್ಲ.

ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಮೂಡಿದ್ದು ಇದೇ ಬಗೆಯಲ್ಲಿ. ಅಲ್ಲಿ ಆರಿದ್ದು ನೀರಿನ ಬದಲು ಕಾವು, ಅಷ್ಟೇ ವ್ಯತ್ಯಾಸ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು.

ಮಳೆಗಾಲ ಕಳೆದು ದೋಣಿ ಶುರುವಾದ ಮೇಲೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಉಳಿದವರೆಲ್ಲ ಚಿಪ್ಪು ಆರಿಸಲು ಓಡಿದರು. ತಂಗಿಯ ಮಗಳು ಮಾತ್ರ ಬೆಂಕಿಪೊಟ್ಟಣದಲ್ಲಿ ಹತ್ತಿಯ ನಡುವೆ ಜೋಪಾನವಾಗಿ ತಂದಿದ್ದ ಹಿಟ್ಟಿನ ಕಂಬವೊಂದನ್ನು ತೆಗೆದು ಕಲ್ಲಿನ ಕಂಬದ ತಲೆಯ ಮೇಲಿಟ್ಟಳು. ಆಮೇಲೆ ಬಂಡೆಯಿಂದ ಬಂಡೆಗೆ ಕಾಲಿಡುತ್ತ ಮೂಲೆಗಳನ್ನು ಎಣಿಸತೊಡಗಿದಳು. ಆರು, ಐದು, ಆರು, ಏಳು, ಆರು. ದೋಣಿಯವರು ಮೂರನೆಯ ಸಲ ಕೂಗುವವರೆಗೂ ಎಣಿಸುತ್ತಲೇ ಇದ್ದಳು.