ಕಾಂತದ್ರವವೆಂಬ ಮಾತು

‘ಫೆರೋಫ್ಲೂಯಿಡ್’ ಎಂಬುದನ್ನು ‘ಕಾಂತದ್ರವ’ವೆಂದು ಕನ್ನಡಿಸುವುದುಂಟು. ಮಾತು ಸೊಗಸು, ಅರ್ಥ ಸಂದೇಹಾಸ್ಪದ. 1963ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಸ್ಟೀವ್ ಪ್ಯಾಪೆಲ್ ಎಂಬವರು ಸಿದ್ಧಪಡಿಸಿದ ಈ ದ್ರವವು ತಾನಾಗಿ ಸೂಜಿಗಲ್ಲಲ್ಲ. (ಈ ಅಚ್ಚಗನ್ನಡ ಶಬ್ದವು ಅಯಸ್ಕಾಂತದ ಮರೆಗೆ ಸರಿದುದು ವಿಷಾದಕರ.) ಎಣ್ಣೆಯಲ್ಲಿ ಹರಡಿರುವ ಸುಮಾರು 10 ನ್ಯಾನೊಮೀಟರಿನ ಮ್ಯಾಗ್ನಟೈಟ್ ಕಣಗಳು ಒಂದೊಂದೂ ಕಿರುಕಾಂತವೇ ಆದರೂ, ಉಷ್ಣದ ಕುಲುಕಾಟದಿಂದ ದಿಕ್ಕುಗೆಟ್ಟಿರುತ್ತವೆ, ಹೊರಗಿನ ಕಾಂತಕ್ಷೇತ್ರವಿರುವಾಗಲೇ ಸಾಲುಗೂಡುತ್ತವೆ. ಆದುದರಿಂದ ‘ಕಾಂತವಶ ದ್ರವ’ವೆಂಬುದೇ ಯುಕ್ತವೆಂದು ನಮ್ಮ ಮತ.

ಇದು ಬರಿಯ ಶಬ್ದಕಲಹವಲ್ಲ. ಮೋಟಾರಿನ ಸ್ಥಿರಭಾಗಕ್ಕೂ ತಿರುಗುವ ಭಾಗಕ್ಕೂ ನಡುವಣ ಗಾಳಿಯ ಸಂದಿನಲ್ಲಿ ಈ ದ್ರವವನ್ನು ತುಂಬಿದರೆ ಕಾಂತಪ್ರವಾಹಕ್ಕೆ ಅಡ್ಡಿ ಕಡಮೆಯಾಗುವುದು; ಸುರುಳಿಯ ಕಾವೂ ಬೇಗನೆ ಹೊರಬೀಳುವುದು. ‘ಕಾಂತದ್ರವ’ವೆಂದು ಕಲಿತ ವಿದ್ಯಾರ್ಥಿಯಾದರೋ ದ್ರವವೇ ಬಲವನ್ನೀಯುವುದೆಂದು ಭ್ರಮಿಸುವನು. ಅದು ಹಾದಿಯನ್ನಷ್ಟೇ ಸುಗಮಗೊಳಿಸುವುದು. ಮೇಲಾಗಿ ದ್ರವದ ಜಿಗುಟು ತಿರುಗುವ ಭಾಗವನ್ನು ಹಿಡಿದೆಳೆಯುವುದು; ವೇಗವೇರಿದಂತೆ ಆ ನಷ್ಟವೂ ಏರುವುದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯ ರೈತನಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಬೋರಿನೊಳಗಿಳಿಸುವ ಮೋಟಾರುಗಳಲ್ಲಿ ಹಲವು ಒಳಗೆ ನೀರು ತುಂಬಿದವು; ತಂಪಿಗಾಗಿ ಎಳೆತದ ತೆರಿಗೆಯನ್ನು ಆಗಲೇ ತೆರುತ್ತಿರುವವು. ಆ ನೀರಿನ ಎಡೆಯಲ್ಲಿ ಅದಕ್ಕಿಂತ ಜಿಗುಟಾದ ಎಣ್ಣೆಯ ದ್ರವವನ್ನು ತುಂಬಿದರೆ ಗಳಿಕೆಯೆಷ್ಟು, ಕಳೆತವೆಷ್ಟು ಎಂದು ಅವನೇ ಕೇಳಿಯಾನು.