ಅಳತೆಯ ಚೌಕಳಿಯ ಮುಂದೆ ನಿಂತ ಹೆಣ್ಣು

ಹರವೆಯಂಥ ಊರಿನಲ್ಲಿ ಹೆಣ್ಣುಮಕ್ಕಳು ಫೋಟೋ ತೆಗೆಸಿಕೊಳ್ಳಲು ಬಹುಕಾಲ ಎರಡು ಮೂರು ಕಾರಣಗಳಷ್ಟೇ ಇದ್ದವು. ಗಂಡಿನ ಕಡೆಯವರಿಗೆ ತೋರಿಸಲು, ಮದುವೆಯ ದಿನ, ಆಮೇಲೆ ಪಡಿತರ ಚೀಟಿಗೆ. ಹೇಗೆ ನಿಲ್ಲಬೇಕು, ಸೆರಗು ಎಲ್ಲಿರಬೇಕು ಎಂದು ಹೇಳುವವರು ಮಾತ್ರ ಪ್ರತಿಸಲವೂ ಬೇರೆಯವರೇ. ಹಾಗೆ ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನೇ ತಮ್ಮ ಕಲೆಯ ವಸ್ತುವಾಗಿಸಿಕೊಂಡವರು ಪುಷ್ಪಮಾಲಾ ಎನ್.

1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. ತೊಂಬತ್ತರ ದಶಕದ ನಡುವಿನಲ್ಲಿ ಶಿಲ್ಪದಿಂದ ಫೋಟೋ ಕಡೆಗೆ ಹೊರಳಿದರು. 'ಫ್ಯಾಂಟಮ್ ಲೇಡಿ'ಯಲ್ಲಿ (1996-98) ಮುಖವಾಡ ತೊಟ್ಟು ಮುಂಬೈಯ ರಾತ್ರಿಯಲ್ಲಿ ಓಡಾಡುವ ಸಾಹಸಿ ಅವರೇ. ಕ್ಯಾಮರಾದ ಗುಂಡಿ ಒತ್ತುವವರು ಬೇರೆಯವರು. ವೇಷ, ಕಲ್ಪನೆ, ನಿರ್ದೇಶನ ಇವರದು. ಇಂಥವರನ್ನು ಛಾಯಾಗ್ರಾಹಕಿ ಎನ್ನಬಹುದೇ ಎಂದು ಕೆಲವರು ಕೇಳಬಹುದು. ಎನ್ನಬಹುದು ಎಂಬುದೇ ನಮ್ಮ ಅಭಿಪ್ರಾಯ.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು 'ಬಾಂಬೆ ಫೋಟೋ ಸ್ಟುಡಿಯೋ' (2000-2003) ಸರಣಿಯನ್ನು. ಹಿಂದಿ ಚಿತ್ರತಾರೆಯರ ಫೋಟೋ ತೆಗೆದು ಹೆಸರಾಗಿದ್ದ ಜೆ.ಎಚ್. ಠಕ್ಕರ್ ಅವರ ಎದುರು ಪುಷ್ಪಮಾಲಾ ಹಿಂದೂ ಹೆಣ್ಣಾಗಿ, ಮುಸ್ಲಿಂ ಹೆಣ್ಣಾಗಿ, ಕ್ರೈಸ್ತ ಹೆಣ್ಣಾಗಿ ಕುಳಿತರು. ಮೂರರಲ್ಲೂ ಇರುವುದು ಒಂದೇ ಮುಖ! ನೋಡುವವರ ಕಣ್ಣು ಮಾತ್ರ ಉಡುಪು ಕಂಡ ಕೂಡಲೇ ಮೂರು ತೀರ್ಮಾನ ಕೊಡುತ್ತದೆ. ಮುಸ್ಲಿಂ ಮಹಿಳೆಯ ಬಗ್ಗೆ ಸುದ್ದಿ ಏನೇ ಇರಲಿ, ಬುರ್ಖಾದಲ್ಲಿ ಬೆನ್ನು ತಿರುಗಿಸಿ ನಡೆಯುವವಳ ಅದದೇ ಫೋಟೋ ಅಚ್ಚುಹಾಕುವ ಪತ್ರಿಕೆಗಳನ್ನು ನೋಡಿ ಬೇಸತ್ತವರಿಗೆ ಇದನ್ನು ವಿವರಿಸಬೇಕಿಲ್ಲ.

ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರ ಜೊತೆ ಮಾಡಿದ 'ದಕ್ಷಿಣ ಭಾರತದ ಸ್ಥಳೀಯ ಮಹಿಳೆಯರು' (2000-2004) ಇನ್ನೂ ದೊಡ್ಡ ಕೆಲಸ. ರವಿವರ್ಮನ ಲಕ್ಷ್ಮಿ, ಆದಿಲ್‌ಶಾಹಿ ಕಾಲದ ಬಿಜಾಪುರದ ಚಿತ್ರದ ಯೋಗಿನಿ, ಪತ್ರಿಕೆಯಲ್ಲಿ ಬಂದ ಆರೋಪಿ ಹೆಂಗಸರು ಎಲ್ಲರೂ ಇವರೇ. ಇವುಗಳಲ್ಲಿ 'ತೋಡ' ಚಿತ್ರ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಹಿಂದೆ ಚೌಕಳಿಯ ಪರದೆ, ಮುಂದೆ ಹೆಣ್ಣು. ಮನುಷ್ಯರ ಮೈಯನ್ನು ಅಳೆಯಲು ಜಾನ್ ಲ್ಯಾಂಪ್ರಿ 1869ರಲ್ಲಿ ಮುಂದಿಟ್ಟ ವಿಧಾನ ಇದು: ಮರದ ಚೌಕಟ್ಟಿಗೆ ರೇಷ್ಮೆದಾರ ಕಟ್ಟಿ ಎರಡೆರಡು ಅಂಗುಲದ ಮನೆಗಳನ್ನು ಮಾಡುವುದು. ತೋಡರ ನೀಲಗಿರಿ ನಮಗೆ ದೂರವಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ಊಟಿಯ ದಾರಿ. ಥರ್ಸ್ಟನ್ 1909ರಲ್ಲಿ ಹೊರತಂದ ಏಳು ಸಂಪುಟಗಳಲ್ಲಿ ತೋಡರಂತೆ ನಮ್ಮ ಬೆಟ್ಟಗಳ ಸೋಲಿಗರೂ ಒಂದು 'ಮಾದರಿ'ಯಾಗಿ ಸೇರಿದ್ದಾರೆ.

ಸಿನಿಮಾ ತಾರೆಯ ವೇಷಗಳಲ್ಲಿ ಪುಷ್ಪಮಾಲಾ ತಮಾಷೆಗೆ ಸ್ವಲ್ಪ ಹೆಚ್ಚೇ ಒಲಿದಿದ್ದಾರೆ ಅನ್ನಿಸುತ್ತದೆ. 'ತೋಡ'ದಲ್ಲಿ ಆ ಸಲಿಗೆ ಇಲ್ಲ. ಓದಿದ, ಹೆಸರಿರುವ ಹೆಣ್ಣೊಬ್ಬಳು ತಾನಾಗಿ ಹೋಗಿ ಆ ಚೌಕಳಿಯ ಮುಂದೆ ನಿಂತಾಗ ಅಳೆಯುವವನ ಕ್ರೌರ್ಯ ಬಯಲಾಗುತ್ತದೆ. ಆದರೂ ನಮಗೊಂದು ತಕರಾರಿದೆ. ಪುಷ್ಪಮಾಲಾ ಚೌಕಳಿ ಬಿಟ್ಟು ಬೆಂಗಳೂರಿಗೆ ಮರಳಬಲ್ಲರು, ಮರುದಿನ ಲಕ್ಷ್ಮಿಯೂ ಆಗಬಲ್ಲರು. ಬೆಟ್ಟದ ಹೆಣ್ಣಿಗೆ ಆ ಅವಕಾಶ ಇರಲಿಲ್ಲ. ಈ ಕೆಲಸದಲ್ಲಿ ಪುಷ್ಪಮಾಲಾರ ಹೆಸರಿದೆ, ಆರ್ನಿಯವರ ಹೆಸರಿದೆ. ಅವಳು ಇಲ್ಲಿಯೂ ಬರಿಯ 'ತೋಡ'.