ಹಾಥಾರ್ನ್ ಪ್ರಯೋಗಗಳು: ಒಂದು ಪುನರ್ವಿಮರ್ಶೆ

ಮಾನವ ಸಂಪನ್ಮೂಲ ನಿರ್ವಹಣೆಯನ್ನು ಕುರಿತ ಪಠ್ಯಗ್ರಂಥಗಳಲ್ಲಿ ಹಾಥಾರ್ನ್ ಕಾರ್ಖಾನೆಯ ಪ್ರಸ್ತಾಪವಿಲ್ಲದವು ವಿರಳ. ಅಮೆರಿಕದ ಷಿಕಾಗೋ ನಗರಕ್ಕೆ ಹೊಂದಿಕೊಂಡ ಸಿಸರೊ ಎಂಬ ಊರಿನಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯವರು ಟೆಲಿಫೋನ್ ಉಪಕರಣಗಳನ್ನು ತಯಾರಿಸುತ್ತಿದ್ದ ಈ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳೇ ಆ ಶಾಸ್ತ್ರದ ತಳಹದಿಯೆಂದು ಹೇಳುವುದು ವಾಡಿಕೆಯಾಗಿದೆ. ದೀಪದ ಬೆಳಕನ್ನು ಹೆಚ್ಚಿಸಿದರೂ ತಗ್ಗಿಸಿದರೂ, ವಿರಾಮವನ್ನು ಕೊಟ್ಟರೂ ಹಿಂದೆಗೆದುಕೊಂಡರೂ ಉತ್ಪಾದನೆ ಏರುತ್ತಲೇ ಹೋಯಿತೆಂದೂ, ತಮ್ಮನ್ನು ಗಮನಿಸುವವರಿದ್ದಾರೆಂಬ ಸಂತೋಷವೇ ಇದಕ್ಕೆ ಕಾರಣವೆಂದೂ, ಆದುದರಿಂದ ಕೆಲಸಗಾರನನ್ನು ಪ್ರೇರಿಸುವುದು ಕೂಲಿಗಿಂತ ಮಿಗಿಲಾಗಿ ಸೌಹಾರ್ದವೆಂದೂ ವಿದ್ಯಾರ್ಥಿಗಳಿಗೆ ಬೋಧಿಸಲಾಗುತ್ತಿದೆ. ಈ ವಿಷಯದಲ್ಲಿ ಇತಿಹಾಸದ ಅಧ್ಯಾಪಕರಿಗೇನು ಕೆಲಸವೆಂದು ಕೆಲವರು ಕೇಳಬಹುದು. ಒಂದು ತೀರ್ಮಾನಕ್ಕೆ ಆಧಾರವೆಂದು ತೋರಿಸುವ ದಾಖಲೆಯೇ ಅದಕ್ಕೆ ಪ್ರತಿಕೂಲವಾಗಿ ನುಡಿಯುತ್ತಿದ್ದರೆ, ಅದನ್ನು ಪರಿಶೀಲಿಸುವ ಹೊಣೆ ನಮ್ಮದೂ ಹೌದು.

ಆ ದಾಖಲೆ ಯಾವುದೆಂದರೆ, ರೋತ್ಲಿಸ್‌ಬರ್ಗರ್ ಮತ್ತು ಡಿಕ್ಸನ್ ಎಂಬುವರು 1939ರಲ್ಲಿ ಪ್ರಕಟಿಸಿದ 'ಮ್ಯಾನೇಜ್‌ಮೆಂಟ್ ಅಂಡ್ ದಿ ವರ್ಕರ್' ಎಂಬ ಬೃಹದ್ಗ್ರಂಥ. ಅದನ್ನು ಹೊಗಳಿದವರಷ್ಟು ಜನ ಓದಿದವರಿಲ್ಲವೆಂದು ತೋರುತ್ತದೆ. ಗ್ರಂಥದ ಮುಖ್ಯ ಭಾಗ ರಿಲೇ ಜೋಡಣೆಯ ಕೊಠಡಿಯನ್ನು ಕುರಿತದ್ದು. 1927ರ ಏಪ್ರಿಲಿನಲ್ಲಿ ಐವರು ಯುವತಿಯರನ್ನೂ, ಅವರಿಗೆ ಬಿಡಿಭಾಗಗಳನ್ನು ಒದಗಿಸುವ ಇನ್ನೊಬ್ಬಳನ್ನೂ ದೊಡ್ಡ ವಿಭಾಗದಿಂದ ಬೇರ್ಪಡಿಸಿ ಪ್ರತ್ಯೇಕವಾದ ಕೊಠಡಿಯಲ್ಲಿ ಕೂರಿಸಲಾಯಿತು. ಸುಮಾರು 35 ಬಿಡಿಭಾಗಗಳನ್ನು ಕೂಡಿಸಿ ಟೆಲಿಫೋನಿನ ರಿಲೇ ಎಂಬ ಪುಟ್ಟ ಸ್ವಿಚ್ಚನ್ನು ಕಟ್ಟುವುದು ಅವರ ಕೆಲಸ. ಒಂದೊಂದಕ್ಕೆ ಹಿಡಿಯುತ್ತಿದ್ದ ಕಾಲ ಹೆಚ್ಚುಕಡಿಮೆ ಒಂದು ನಿಮಿಷ. ಮೊದಲು ಅವರ ಸಂಪಾದನೆ ಸುಮಾರು ನೂರು ಮಂದಿಯ ಒಟ್ಟು ಉತ್ಪಾದನೆಯನ್ನು ಅವಲಂಬಿಸಿದ್ದಿತು. ಕೊಠಡಿಗೆ ಬಂದ ಮೇಲೆ ಈ ಸಣ್ಣ ಗುಂಪಿನದೇ ಪ್ರತ್ಯೇಕ ಲೆಕ್ಕವಾಯಿತು. ಎಂದರೆ, ಹೆಚ್ಚು ದುಡಿದವಳ ದುಡಿಮೆಯ ಫಲ ನೂರು ಪಾಲಾಗುವುದು ತಪ್ಪಿ ಬಹುಮಟ್ಟಿಗೆ ಅವಳ ಕೈಗೇ ಬರತೊಡಗಿತು. ವಿರಾಮಕಾಲ, ಉಪಾಹಾರ ಮೊದಲಾದ ಬದಲಾವಣೆಗಳೆಲ್ಲ ಇದಾದ ನಂತರದವು. ಕೂಲಿಯ ಕ್ರಮ ಬದಲಾದುದನ್ನು ಗ್ರಂಥಕರ್ತರು ಮರೆಮಾಚಿಲ್ಲ. ಮರೆಸಿದವರು ಅನಂತರದ ಕಥನಕಾರರು.

ಇನ್ನೂ ಗುರುತರವಾದ ಸಂಗತಿ 1928ರ ಜನವರಿಯದು. ಐವರಲ್ಲಿ ಇಬ್ಬರು ಮಾತು ಹೆಚ್ಚಾಯಿತೆಂದು ಪದೇಪದೇ ಗದರಿಕೆಗೆ ಗುರಿಯಾಗಿ, ಸಹಕರಿಸುತ್ತಿಲ್ಲವೆಂಬ ಆಕ್ಷೇಪಣೆಗೊಳಗಾಗಿ, ಕೊನೆಗೆ ಕೊಠಡಿಯಿಂದ ಹೊರಗೆ ಕಳುಹಿಸಲ್ಪಟ್ಟರು. ಅವರ ಸ್ಥಾನಕ್ಕೆ ಚುರುಕಿನ ಇಬ್ಬರು ಬಂದರು. ಅವರಲ್ಲೊಬ್ಬಳ ಸಂಪಾದನೆಯೇ ಅವಳ ಸಂಸಾರಕ್ಕೆ ಮುಖ್ಯ ಆಧಾರವಾಗಿದ್ದಿತು. ಉಳಿದವರನ್ನು ಹುರಿದುಂಬಿಸಿ ವೇಗ ಹೆಚ್ಚಿಸಿದವಳೂ ಅವಳೇ. ಸೌಹಾರ್ದದ ಮಹಿಮೆಯನ್ನು ಸಾರಲು ಉದಾಹರಿಸುವ ಪ್ರಯೋಗದ ನಡುವೆ ಇಂತಹ ಶಿಕ್ಷೆ, ಇಂತಹ ಆಯ್ಕೆ ನಡೆದಿರುವಾಗ, ಫಲವನ್ನು ಸೌಹಾರ್ದದ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ? ವಿರಾಮಗಳನ್ನೆಲ್ಲ ತೆಗೆದು ಹಳೆಯ 48 ಗಂಟೆಗಳ ವಾರಕ್ಕೆ ಮರಳಿದ ಅವಧಿಯ ವಿಚಾರದಲ್ಲೂ ಹೀಗೆಯೇ. ಆಗ ವಾರದ ಒಟ್ಟು ಉತ್ಪಾದನೆ ಏರಿತೆಂಬುದು ದಿಟ. ಆದರೆ ಏರಿದುದು ಕೆಲಸದ ವೇಳೆ. ಗಂಟೆಯ ಲೆಕ್ಕದಲ್ಲಿ ಉತ್ಪಾದನೆ ತಗ್ಗಿದ್ದಿತು.

ಕೂಲಿಯ ಪ್ರಭಾವವೆಷ್ಟೆಂದು ತಿಳಿಯಲು ಎರಡು ಉಪಪ್ರಯೋಗಗಳು ನಡೆದವು. ಒಂದರಲ್ಲಿ ಬೇರೆ ಐವರಿಗೆ ಸಣ್ಣ ಗುಂಪಿನ ಕೂಲಿಯನ್ನು ಮಾತ್ರ ಕೊಡಲಾಯಿತು. ಉತ್ಪಾದನೆ ಶೇಕಡಾ 12ಕ್ಕಿಂತ ತುಸು ಹೆಚ್ಚು ಏರಿತು. ಅಭ್ರಕ ಸೀಳುವವರಿಗೆ ಕೂಲಿಯ ಕ್ರಮ ಬದಲಿಸದೆ ವಿರಾಮವನ್ನು ಕೊಟ್ಟಾಗ ಸುಮಾರು 15ರಷ್ಟು ಏರಿತು. ಮೊದಲ ಕೊಠಡಿಯ ಏರಿಕೆ 30ರಷ್ಟಾಗಿದ್ದುದರಿಂದ ಕೂಲಿಯೊಂದೇ ಕಾರಣವಾಗಲಾರದೆಂದು ಗ್ರಂಥಕರ್ತರು ವಾದಿಸಿದರು. ಆದರೆ ಕೂಲಿಯ ಆ ಪ್ರಯೋಗ ನಡೆದುದು ಕೇವಲ ಒಂಬತ್ತು ವಾರ. ನೆರೆಯ ಕೆಲಸಗಾರರು ಅಸಮಾಧಾನಗೊಂಡರೆಂದು ಅದನ್ನು ನಿಲ್ಲಿಸಿದೊಡನೆ ಉತ್ಪಾದನೆ ಕುಸಿಯಿತು. ವರ್ಷಗಟ್ಟಲೆ ನಡೆದುದನ್ನೂ ವಾರಗಟ್ಟಲೆ ನಡೆದುದನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಈ ಕ್ರಮವನ್ನು ಅಲೆಕ್ಸ್ ಕೇರಿ 1967ರಲ್ಲಿಯೇ ತೀವ್ರವಾಗಿ ಖಂಡಿಸಿದರು. ದೀಪದ ಪ್ರಯೋಗದ ಮೂಲ ಅಂಕಿಗಳು ನಾಶವಾದವೆಂದು ಬಹುಕಾಲ ನಂಬಿದ್ದಿತು. ಲೆವಿಟ್ ಮತ್ತು ಲಿಸ್ಟ್ ಅವನ್ನು ಪಡೆದು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರಸಿದ್ಧವಾದ ಕಥೆಗೆ ಬಲವಾದ ಆಧಾರ ದೊರೆಯಲಿಲ್ಲ.

ವಿಚಿತ್ರವೇನೆಂದರೆ, ಕಾರ್ಯತಂತ್ರಾತ್ಮಕ ಮಾನವ ಸಂಪನ್ಮೂಲ ನಿರ್ವಹಣೆಯೆಂಬ ಹೊಸ ಶಾಖೆಯ ಪ್ರವರ್ತಕರಿಗೆ ಈ ಕಥೆಯ ಅಗತ್ಯವೇ ಇರಲಿಲ್ಲ. 1984ರಲ್ಲಿ ಫಾಂಬ್ರನ್, ಟಿಚಿ, ಡೆವನ್ನಾ ಇವರು ಆ ಹೆಸರಿನಲ್ಲಿಯೇ ಹೊರತಂದ ಗ್ರಂಥ ಆಯ್ಕೆ, ಮೌಲ್ಯಮಾಪನ, ಪ್ರತಿಫಲ, ಬೆಳವಣಿಗೆ ಎಂಬ ನಾಲ್ಕನ್ನು ಸಂಸ್ಥೆಯ ಗುರಿಗೆ ಜೋಡಿಸುತ್ತದೆ. ಆಯ್ಕೆ ಮತ್ತು ಪ್ರತಿಫಲ ಎಂದರೆ ಹಾಥಾರ್ನ್ ಕಥೆ ಮುಚ್ಚಿಟ್ಟ ಎರಡು ಸಂಗತಿಗಳೇ! ಮೊದಲ ಅಧ್ಯಾಯದಲ್ಲಿ ಆ ಕಥೆಯನ್ನೂ ಮುಂದಿನದರಲ್ಲಿ ಈ ಚೌಕಟ್ಟನ್ನೂ ಇಟ್ಟು, ಇವೆರಡರ ವಿರೋಧವನ್ನು ಕಾಣದೆ ಸಾಗುವ ಪಠ್ಯಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡುವುದು ಯುಕ್ತವಲ್ಲವೆಂದು ನಮ್ಮ ಭಾವನೆ. ಕೂಲಿಯ ಪ್ರಶ್ನೆಯನ್ನೆತ್ತಿದ ಕೆಲಸಗಾರನಿಗೆ ಸಾಂತ್ವನದ ಮಾತೇ ಸಾಕೆಂದು ನಂಬುವ ಅಧಿಕಾರಿ ತಯಾರಾಗುವುದು ಇಂತಹ ಪಾಠದಿಂದ.

ತಂತಿ ಜೋಡಣೆಯ ಕೊಠಡಿಯ ವಿಚಾರವೊಂದು ಉಳಿಯಿತು. 1931ರ ನವೆಂಬರಿನಿಂದ ಅಲ್ಲಿ 14 ಮಂದಿ ಗಂಡಸರನ್ನು ಗಮನಿಸಲಾಯಿತು. ದಿನಕ್ಕೆ ಇಷ್ಟೇ ಕೆಲಸವೆಂದು ಅವರು ತಮ್ಮೊಳಗೇ ಗೊತ್ತುಮಾಡಿಕೊಂಡಿದ್ದರು. ಮೀರಿದರೆ ಕೂಲಿಯ ದರ ಇಳಿಯಬಹುದು, ಯಾರಾದರೂ ಕೆಲಸ ಕಳೆದುಕೊಳ್ಳಬಹುದು ಎಂಬುದು ಅವರು ಕೊಟ್ಟ ಕಾರಣ. ದರ ಇಳಿದುದನ್ನು ಅವರು ಸ್ವತಃ ಕಂಡಿರಲಿಲ್ಲವಾದುದರಿಂದ ಈ ಭಯ ತರ್ಕಬದ್ಧವಲ್ಲವೆಂದು ಗ್ರಂಥಕರ್ತರು ತೀರ್ಮಾನಿಸಿರುವರು. ಆದರೆ ಆಗ ಅಮೆರಿಕವನ್ನು ಮಹಾ ಆರ್ಥಿಕ ಕುಸಿತ ಆವರಿಸಿದ್ದಿತು. ಹಾಥಾರ್ನಿನಲ್ಲಿಯೇ ಸಾವಿರಾರು ಜನ ಕೆಲಸ ಕಳೆದುಕೊಂಡಿದ್ದರು. 1932ರ ಮೇ ತಿಂಗಳಲ್ಲಿ ಆ ಕೊಠಡಿಯ ವೀಕ್ಷಣೆ ನಿಂತುದು ಕೆಲಸದ ಅಭಾವದಿಂದಲೇ.